ನೆರೆಯವನು ಮತ್ತೆ ತನ್ನ ಮನೆಯ ಯಜಮಾನನಾದಾಗ

1949ರ ಸೆಪ್ಟೆಂಬರಿನಲ್ಲಿ ಮೈಸೂರು ಸೀಮೆಯ ಹೆಣ್ಣಾನೆಯೊಂದು ಹಡಗಿನಲ್ಲಿ ಟೋಕಿಯೋ ನಗರವನ್ನು ತಲಪಿತು. ಯುದ್ಧಕಾಲದಲ್ಲಿ, ಬಾಂಬು ಬಿದ್ದು ಬೋನುಗಳು ಒಡೆದರೆ ಗತಿಯೇನೆಂಬ ಭಯದಿಂದ, ಅಲ್ಲಿಯ ಊಯೆನೋ ಮೃಗಾಲಯದ ಆನೆಗಳನ್ನು 1943ರಲ್ಲಿ ಆಹಾರ ಕೊಡದೆ ಕೊಂದಿದ್ದರು. ಆನೆಯನ್ನು ಕಾಣಬೇಕೆಂದು ಹಂಬಲಿಸಿದ ಮಕ್ಕಳು ಪಂಡಿತ ನೆಹರೂ ಅವರಿಗೆ ಪತ್ರ ಬರೆದರು. ನೆಹರೂ ಅವರು ಆನೆಯನ್ನು ಕಳುಹಿಸಿ, ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು. ಈ ಇಂದಿರೆಗೋ ಕನ್ನಡದ ಅಪ್ಪಣೆಯಲ್ಲದೆ ಬೇರೊಂದು ತಿಳಿಯದು! ಜಪಾನಿನ ಪಾಲಕರೇ ನಮ್ಮ ಮಾವುತರಿಂದ ಕನ್ನಡದ ನಾಲ್ಕು ಮಾತು ಕಲಿಯಬೇಕಾಯಿತು.

ಈ ಉಡುಗೊರೆಯನ್ನು ಪಡೆದ ದೇಶಕ್ಕೆ ಆಗ ದೆಹಲಿಗೊಬ್ಬ ರಾಯಭಾರಿಯನ್ನು ಕಳುಹಿಸುವ ಅಧಿಕಾರವೂ ಇರಲಿಲ್ಲ. 1945ರಲ್ಲಿ ಸೋತು ಶರಣಾದ ಜಪಾನಿನ ಆಡಳಿತವೆಲ್ಲವೂ ಅಮೆರಿಕದ ಜನರಲ್ ಮ್ಯಾಕಾರ್ಥರ್ ಅವರ ಹತೋಟಿಯಲ್ಲಿತ್ತು. 1951ರ ಸೆಪ್ಟೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು, 1952ರ ಏಪ್ರಿಲ್ 28ರ ರಾತ್ರಿ ಅದು ಜಾರಿಗೆ ಬಂದಾಗ, ಆ ದೇಶ ಮತ್ತೆ ಸಾರ್ವಭೌಮವಾಯಿತು. ಸಹಿ ಹಾಕಿದ ರಾಷ್ಟ್ರಗಳು ಜಪಾನೂ ಸೇರಿ 49. ಆದರೆ ಏಷ್ಯದ ನೆರೆಹೊರೆಯಲ್ಲಿ ಈ ಶುಭವಾರ್ತೆಯನ್ನು ನಗುಮುಖದಿಂದ ಬರಮಾಡಿಕೊಂಡವರು ಕೆಲವರೇ.

ಭಾರತ ಆ ಸಭೆಗೆ ಹೋಗಲೇ ಇಲ್ಲ. ಇದನ್ನು ಜಪಾನಿನ ಮೇಲಿನ ಮುನಿಸೆಂದು ಎಣಿಸಿದರೆ ತಪ್ಪಾದೀತು. ಕೊಡುತ್ತಿರುವ ಸ್ವಾತಂತ್ರ್ಯ ಪೂರ್ಣವಾದುದಲ್ಲ ಎಂಬುದೇ ನಮ್ಮ ಆಕ್ಷೇಪವಾಗಿತ್ತು. ಪರದೇಶದ ಸೇನೆಯನ್ನು ತನ್ನ ನೆಲದಲ್ಲಿ ಇರಗೊಡಬೇಕೇ ಬೇಡವೇ ಎಂಬುದನ್ನು ಜಪಾನು ಸಂಪೂರ್ಣ ಸ್ವತಂತ್ರವಾದ ಮೇಲೆ ತಾನೇ ನಿರ್ಧರಿಸಲಿ. ಅದರ ದಕ್ಷಿಣದ ದ್ವೀಪಗಳನ್ನು ಅಮೆರಿಕದ ಕೈಯಲ್ಲಿ ಉಳಿಸುವುದು ಸಲ್ಲದು. ಫಾರ್ಮೋಸಾ ದ್ವೀಪ ಚೀನಕ್ಕೆ ಸೇರತಕ್ಕದ್ದೆಂದು ಒಪ್ಪಂದವೇ ಹೇಳಲಿ. 1951ರ ಆಗಸ್ಟಿನಲ್ಲಿ ದೆಹಲಿಯಿಂದ ವಾಷಿಂಗ್ಟನ್ನಿಗೆ ಹೋದ ಪತ್ರದ ಸಾರವಿದು. ಅಮೆರಿಕಕ್ಕೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಏಪ್ರಿಲ್ 28ರಂದೇ ಭಾರತವು ತನ್ನ ಕಡೆಯಿಂದ ಯುದ್ಧಸ್ಥಿತಿ ಮುಗಿಯಿತೆಂದು ಪ್ರಕಟಿಸಿತು. ಜೂನ್ 9ರಂದು ಟೋಕಿಯೋದಲ್ಲಿ ಕೆ. ಕೆ. ಚೆಟ್ಟೂರ್ ಮತ್ತು ಕಟ್ಸುವೋ ಒಕಾಜಾಕಿ ಪ್ರತ್ಯೇಕ ಒಪ್ಪಂದಕ್ಕೆ ರುಜು ಹಾಕಿದರು. ಅಂಡಮಾನನ್ನು ಹಿಡಿದು, ಇಂಫಾಲದವರೆಗೂ ನುಗ್ಗಿಬಂದಿದ್ದ ಶತ್ರುವಿನಿಂದ ಭಾರತ ಕವಡೆಕಾಸಿನ ಪರಿಹಾರವನ್ನೂ ಕೇಳಲಿಲ್ಲ. ದ್ವೀಪಗಳ ವಿಷಯದಲ್ಲಿ ನಮ್ಮವರು ಪಟ್ಟ ಶಂಕೆಯೂ ಹುಸಿಯಾಗಲಿಲ್ಲ. ಓಕಿನಾವಾ ಜಪಾನಿಗೆ ಮರಳಿದ್ದು ಇಪ್ಪತ್ತು ವರ್ಷಗಳ ನಂತರ, 1972ರ ಮೇ 15ರಂದು. ಏಪ್ರಿಲ್ 28 ಎಂದರೆ ಓಕಿನಾವಾದ ಅನೇಕರಿಗೆ ಇಂದಿಗೂ ಅವಮಾನದ ದಿನ.

ಸಿಂಹಳ ಮಾತ್ರ ಸಭೆಗೆ ಹೋಗಿಯೇ ಔದಾರ್ಯ ತೋರಿತು. ಕೊಲಂಬೋ, ತ್ರಿಂಕೋಮಲಿಗಳ ಮೇಲೆ 1942ರ ಏಪ್ರಿಲಿನಲ್ಲಿ ಜಪಾನಿನ ಬಾಂಬುಗಳು ಬಿದ್ದಿದ್ದವು. ಆದರೂ ಅರ್ಥಸಚಿವ ಜೆ. ಆರ್. ಜಯವರ್ಧನೆ ಅವರು, ವೈರದ ಬಗ್ಗೆ ಬುದ್ಧ ಭಗವಾನನ ಬೋಧೆಯನ್ನು ಸಭೆಗೆ ನೆನಪಿಸಿ, ತಮ್ಮ ದೇಶ ಪರಿಹಾರವನ್ನು ಬೇಡುವುದಿಲ್ಲವೆಂದರು.

ಔದಾರ್ಯ ಎಲ್ಲರಿಗೂ ಸುಲಭವೇ? ಸಿಂಹಳದ ಮೇಲೆ ಬಿದ್ದದ್ದು ಬಾಂಬು. ಬರ್ಮಾ ಇಡೀ ರಣರಂಗವೇ ಆಗಿತ್ತು. ಬರ್ಮಾ ಸಭೆಯಿಂದ ದೂರ ನಿಂತು, 1954ರಲ್ಲಿ 20 ಕೋಟಿ ಡಾಲರ್ ಪರಿಹಾರ ಪಡೆದ ಮೇಲೆಯೇ ಶಾಂತಿಗೆ ಒಪ್ಪಿತು. ಆ ಹಣದಿಂದಲೇ ಬಲುಚೌಂಗ್ ಜಲವಿದ್ಯುತ್ ಕೇಂದ್ರ ಎದ್ದಿತು. ಇಂಡೊನೇಷ್ಯ ಸಹಿ ಹಾಕಿಯೂ ಅನುಮೋದಿಸದೆ, 1958ರಲ್ಲಿ ಬೇರೆ ಒಪ್ಪಂದ ಮಾಡಿಕೊಂಡಿತು. ಚೀನದ ಎರಡು ಸರಕಾರಗಳಲ್ಲಿ ಯಾವುದಕ್ಕೂ ಕರೆ ಇರಲಿಲ್ಲ. ತೈಪೆಯ ಸರಕಾರ ಅದೇ ಏಪ್ರಿಲ್ 28ರಂದು, ಕೆಲವೇ ಗಂಟೆಗಳ ಮೊದಲು, ತನ್ನದೊಂದು ಒಪ್ಪಂದವನ್ನು ಮುಗಿಸಿಕೊಂಡಿತು. ಪೀಕಿಂಗ್ ಎಲ್ಲವನ್ನೂ ಧಿಕ್ಕರಿಸಿತು. ಮೂವತ್ತೈದು ವರ್ಷ ಜಪಾನಿನ ನೊಗ ಹೊತ್ತ ಕೊರಿಯಾಕ್ಕೂ ಆಹ್ವಾನವಿಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರು 1952ರ ಜನವರಿಯಲ್ಲಿಯೇ ಕಡಲಿನಲ್ಲೊಂದು ಗೆರೆ ಎಳೆದರು. ಮುಂದೆ ಅದನ್ನು ದಾಟಿದ ಜಪಾನಿ ಮೀನುದೋಣಿಗಳನ್ನು ಅವರ ಕಾವಲುಪಡೆ ಹಿಡಿಯತೊಡಗಿತು. ಆ ಎರಡು ದೇಶಗಳ ನಡುವೆ ರಾಯಭಾರ ಸಂಬಂಧ ಏರ್ಪಡಲು 1965 ಬರಬೇಕಾಯಿತು.

ಫಿಲಿಪ್ಪೀನ್ಸಿನ ಕಥೆ ಎಲ್ಲಕ್ಕಿಂತ ಕಠಿನವಾದುದು. 1945ರ ಫೆಬ್ರವರಿಯಲ್ಲಿ ಮನಿಲಾ ನಗರಕ್ಕಾಗಿ ನಡೆದ ಕಾಳಗದಲ್ಲಿ ಸುಮಾರು ಒಂದು ಲಕ್ಷ ಮಂದಿ ನಾಗರಿಕರು ಸತ್ತರು. ಅವರಲ್ಲಿ ಎಲ್ಪಿಡಿಯೋ ಕಿರಿನೊ ಎಂಬವರ ಹೆಂಡತಿಯೂ ಮೂವರು ಮಕ್ಕಳೂ ಇದ್ದರು. ಕಿರಿಯದು ಇನ್ನೂ ಎರಡು ವರ್ಷದ ಕೂಸು. ಸ್ಯಾನ್ ಫ್ರಾನ್ಸಿಸ್ಕೋ ಸಭೆ ನಡೆದಾಗ ದೇಶದ ಅಧ್ಯಕ್ಷರು ಇದೇ ಕಿರಿನೊ. ಇವರ ಪ್ರತಿನಿಧಿಗಳು ಸಹಿ ಹಾಕಿದರು. ಆದರೆ ಪರಿಹಾರದ ಲೆಕ್ಕ ತೀರುವವರೆಗೆ ಅಲ್ಲಿನ ಸೆನೆಟ್ಟು ಒಪ್ಪಂದವನ್ನು ಮುಟ್ಟಲಿಲ್ಲ. ಸುಟ್ಟ ಊರಿನವರು ಲೆಕ್ಕ ಕೇಳಿದರೆ ಅವರನ್ನು ಜಿಪುಣರೆನ್ನಲು ನಮಗೆ ಬಾಯಿ ಬಾರದು.

ಹೀಗಿರಲು, 1953ರ ಜುಲೈಯಲ್ಲಿ ಅಧ್ಯಕ್ಷ ಕಿರಿನೊ ಅವರು, ತಮ್ಮ ಸೆರೆಮನೆಯಲ್ಲಿದ್ದ ನೂರಕ್ಕೂ ಹೆಚ್ಚು ಜಪಾನಿ ಯುದ್ಧಾಪರಾಧಿಗಳಲ್ಲಿ ಕೆಲವರನ್ನು ಕ್ಷಮಿಸಿ, ಗಲ್ಲಿಗೆ ಗುರಿಯಾಗಿದ್ದವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿ, ಎಲ್ಲರನ್ನೂ ಅವರ ನಾಡಿಗೆ ಕಳುಹಿಸಿಬಿಟ್ಟರು. ಮುಂದೆ ಮಿತ್ರರಾಗಬಹುದಾದ ಜನರ ಮೇಲಿನ ದ್ವೇಷವನ್ನು ತಮ್ಮ ಉಳಿದ ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವ ಇಚ್ಛೆ ಅವರಿಗಿರಲಿಲ್ಲ.

ಪರಿಹಾರ 55 ಕೋಟಿ ಡಾಲರಿಗೆ ನಿಂತು, ಫಿಲಿಪ್ಪೀನ್ಸು ಶಾಂತಿ ಒಪ್ಪಂದವನ್ನು ಅನುಮೋದಿಸಿದ್ದು 1956ರ ಜುಲೈಯಲ್ಲಿ. ಕಿರಿನೊ ಅವರು ಅದೇ ವರ್ಷದ ಫೆಬ್ರವರಿ 29ರಂದು ತೀರಿಕೊಂಡಿದ್ದರು.