ಕೆಂಪು ಮೂಗಿನ ಜಿಂಕೆ: ಕೆಸರಾದ ಕೈ ಯಾರದು, ಮೊಸರುಂಡ ಬಾಯಿ ಯಾರದು?

ಡಿಸೆಂಬರ್ ಬಂತೆಂದರೆ ಅಮೆರಿಕದ ಟೆಲಿವಿಷನ್ನಿನಲ್ಲಿ ಒಂದು ಜಿಂಕೆ ಹಾರುತ್ತೆ. ಒಂದೆರಡು ವರ್ಷದ ಮಾತಲ್ಲ. 1964ರಿಂದ ಒಂದು ಕ್ರಿಸ್‌ಮಸ್ಸನ್ನೂ ತಪ್ಪಿಸಿಕೊಂಡಿಲ್ಲ. ಹೆಸರು ರುಡಾಲ್ಫ್. ಜಾತಿ ಹಿಮಸಾರಂಗ. ಮೂಗು ಕೆಂಪು, ಬರೀ ಕೆಂಪಲ್ಲ, ಬಲ್ಬಿನ ಹಾಗೆ ಉರಿಯುವ ಕೆಂಪು. ಉಳಿದ ಜಿಂಕೆಗಳೆಲ್ಲ ಗೇಲಿ ಮಾಡಿ ಓಡಿಸಿದ ಈ ಮರಿ, ಹಬ್ಬದ ರಾತ್ರಿ ಮಂಜು ಕವಿದು ದಾರಿ ಕಾಣದೆ ಹೋದಾಗ ಅದೇ ಮೂಗಿನ ಬೆಳಕಿನಲ್ಲಿ ಸಾಂತಾ ಕ್ಲಾಸನ ಗಾಡಿಯ ಮುಂದೆ ನಿಂತು ಎಳೆಯುತ್ತೆ. ಕಥೆ ಇಷ್ಟೇ. ಜಾಹೀರಾತು ಸೇರಿಸಿದರೆ ಒಂದು ಗಂಟೆಯ ಬೊಂಬೆ ಸಿನಿಮಾ.

ಈ ಒಂದು ಗಂಟೆಯ ಹಿಂದೆ ಕೆಲಸ ಮಾಡಿದವರು ಮೂರು ದೇಶದವರು. ಕಥೆ, ಹಾಡು, ದುಡ್ಡು ಅಮೆರಿಕದ್ದು. ದನಿ ಕೆನಡಾದ್ದು. ಬೊಂಬೆ, ಬೆರಳು ಜಪಾನಿನದು. ಯಾರಿಗೆ ಎಷ್ಟು ಸಿಕ್ಕಿತು ಅಂತ ನೋಡಿದರೆ ಮಕ್ಕಳ ಸಿನಿಮಾ ಇದ್ದಕ್ಕಿದ್ದಂತೆ ದೊಡ್ಡವರ ಲೆಕ್ಕದ ಪುಸ್ತಕವಾಗುತ್ತೆ.

ಅಂಗಡಿಯಲ್ಲಿ ಹುಟ್ಟಿದ ಜಿಂಕೆ

ರುಡಾಲ್ಫ್ ಹುಟ್ಟಿದ್ದು ಕಾಡಿನಲ್ಲೂ ಅಲ್ಲ, ಪುರಾಣದಲ್ಲೂ ಅಲ್ಲ. ಷಿಕಾಗೋದ ಮಾಂಟ್‌ಗಮರಿ ವಾರ್ಡ್ ಅನ್ನೋ ದೊಡ್ಡ ಅಂಗಡಿ ಕಂಪನಿಯಲ್ಲಿ. ಹಬ್ಬಕ್ಕೆ ಬರುವ ಮಕ್ಕಳಿಗೆ ಪುಕ್ಕಟೆ ಪುಸ್ತಕ ಹಂಚೋದು ಆ ಕಂಪನಿಯ ಪದ್ಧತಿ. ನಮ್ಮ ಕಡೆ ಅಂಗಡಿಯವರು ಕ್ಯಾಲೆಂಡರ್ ಹಂಚೋದಿಲ್ಲವೇ, ಹಾಗೆ. ಹೊರಗಿಂದ ಕೊಂಡು ಹಂಚೋದಕ್ಕಿಂತ ನಾವೇ ಅಚ್ಚು ಹಾಕಿಸಿದರೆ ಸೋವಿ ಅಂತ ಲೆಕ್ಕ ಹಾಕಿ, 1939ರಲ್ಲಿ ಜಾಹೀರಾತು ಬರೆಯುವ ಗುಮಾಸ್ತ ರಾಬರ್ಟ್ ಮೇಗೆ ‘ಒಂದು ಪ್ರಾಣಿ ಕಥೆ ಬರಿಯಪ್ಪ’ ಅಂದರು.

ಮೇ ಮನೆಯಲ್ಲಿ ಆಗ ಹೆಂಡತಿಗೆ ಕ್ಯಾನ್ಸರ್. ಮಗಳು ನಾಲ್ಕು ವರ್ಷದ ಕೂಸು. ಡಾಕ್ಟರ ಬಿಲ್ಲು ಬೆಳೀತಾ ಇತ್ತು. ಜುಲೈನಲ್ಲಿ ಹೆಂಡತಿ ತೀರಿಕೊಂಡಳು. ‘ಬೇಡ ಬಿಡು, ಬೇರೆ ಯಾರಿಗಾದರೂ ಕೊಡ್ತೀನಿ’ ಅಂತ ಮೇಲಿನವರು ಹೇಳಿದರೂ ಈತ ಕೇಳಲಿಲ್ಲ. ಆಗಸ್ಟ್ ಹೊತ್ತಿಗೆ ಬರೆದು ಮುಗಿಸಿದ.

ಮೇಲಿನವರಿಗೆ ಇನ್ನೊಂದು ಅನುಮಾನ. ಕೆಂಪು ಮೂಗು ಅಂದರೆ ಕುಡುಕನ ಮೂಗು ಅಂತ ಜನ ನಗ್ತಾರೇನೋ! ಮೇ ವಾದ ಮಾಡಲಿಲ್ಲ. ಚಿತ್ರಗಾರ ಗೆಳೆಯನನ್ನು ಪ್ರಾಣಿ ಸಂಗ್ರಹಾಲಯಕ್ಕೆ ಕರಕೊಂಡು ಹೋಗಿ ಜಿಂಕೆ ಮರಿಯ ಚಿತ್ರ ಬರೆಸಿ ತಂದು ಮೇಜಿನ ಮೇಲಿಟ್ಟ. ಅನುಮಾನ ಕರಗಿತು. ಆ ವರ್ಷ ಹಂಚಿದ ಪ್ರತಿ 24 ಲಕ್ಷ.

ಲಾಭ? ಮೇಗೆ ಸಂಬಳ, ಅಷ್ಟೇ. ನೌಕರಿಯಲ್ಲಿದ್ದಾಗ ಬರೆದದ್ದು ಧಣಿಯ ಸೊತ್ತು ಅಂತ ಕಾನೂನು. ಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ತೆ 36 ಲಕ್ಷ ಪ್ರತಿ ಹಂಚಿದರು. ಮೇ ಇನ್ನೂ ಸಾಲದಲ್ಲೇ ಇದ್ದ. ಆಗ ನಡೆದದ್ದು ಮಾತ್ರ ವ್ಯಾಪಾರಸ್ಥರ ಲೋಕದಲ್ಲಿ ಅಪರೂಪ. 1947ರ ಜನವರಿಯಲ್ಲಿ ಕಂಪನಿಯ ಯಜಮಾನ ಸೀವೆಲ್ ಏವರಿ, ಬಿಗಿ ಮುಷ್ಟಿಯ ಮನುಷ್ಯ ಅಂತ ಹೆಸರಾದವನು, ಜಿಂಕೆಯ ಹಕ್ಕನ್ನು ಪೂರ್ತಿಯಾಗಿ ಮೇ ಹೆಸರಿಗೆ ಬರೆದುಕೊಟ್ಟ. ಕಾಸು ಕೇಳಲಿಲ್ಲ.

ಮೇ ತಂಗಿಯ ಗಂಡ ಜಾನಿ ಮಾರ್ಕ್ಸ್ ಹಾಡು ಕಟ್ಟುವವನು. 1949ರಲ್ಲಿ ಆತ ಕಟ್ಟಿದ ರುಡಾಲ್ಫನ ಹಾಡನ್ನು ಕೌಬಾಯ್ ಸಿನಿಮಾಗಳ ನಾಯಕ ಜೀನ್ ಆಟ್ರಿ ಹಾಡಿದ. ತಟ್ಟೆ ಲಕ್ಷಗಟ್ಟಲೆ ಹೋಯಿತು. ಮೇ 1951ರಲ್ಲಿ ನೌಕರಿ ಬಿಟ್ಟು ಜಿಂಕೆಯ ವ್ಯವಹಾರವನ್ನೇ ನೋಡಿಕೊಂಡ. (ಏಳು ವರ್ಷದ ಮೇಲೆ ಅದೇ ಕಂಪನಿಗೆ ವಾಪಸ್ಸು ಬಂದ, ಅದು ಬೇರೆ ಮಾತು.)

ಪಕ್ಕದ ಮನೆಯ ಪರಿಚಯ

ಸಿನಿಮಾ ಮಾಡಿದ್ದು ಆರ್ಥರ್ ರಾಂಕಿನ್, ಜೂಲ್ಸ್ ಬಾಸ್ ಅನ್ನೋ ಜೋಡಿ. ಇಬ್ಬರೂ ಜಾಹೀರಾತು ಗರಡಿಯಲ್ಲಿ ಪಳಗಿದವರು. ರಾಂಕಿನ್‌ಗೆ ಮಾರ್ಕ್ಸ್ ನ್ಯೂಯಾರ್ಕಿನಲ್ಲಿ ನೆರೆಮನೆಯವನು. ಹಾಡನ್ನು ಸಿನಿಮಾಕ್ಕೆ ಕೊಡಲು ಮಾರ್ಕ್ಸ್ ಮೊದಮೊದಲು ಒಪ್ಪಲಿಲ್ಲ. ಚೆನ್ನಾಗಿ ಓಡ್ತಿರೋ ಹಾಡು, ಸಿನಿಮಾ ಕೆಟ್ಟರೆ ಹಾಡೂ ಕೆಡುತ್ತಲ್ಲ! ಆಮೇಲೆ ಒಪ್ಪಿದ, ಒಪ್ಪಿದ್ದಷ್ಟೇ ಅಲ್ಲ, ಇನ್ನಷ್ಟು ಹಾಡೂ ಕೊಟ್ಟ.

ದುಡ್ಡು ಹಾಕಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. ಸಿನಿಮಾದ ನಡುವೆ ಸಾಂತಾನ ಕುಳ್ಳ ಕೆಲಸಗಾರರೇ ಬಂದು ಆ ಕಂಪನಿಯ ಮನೆಬಳಕೆ ಸಾಮಾನು ಮಾರುತ್ತಿದ್ದರು. ಚಿತ್ರಕಥೆ ರೋಮಿಯೋ ಮುಲ್ಲರ್ ಅನ್ನುವವನದು. ಕೈಗೆ ಸಿಕ್ಕಿದ್ದು ಒಂದು ಪುಟ್ಟ ಹಾಡಿನ ಕಥೆ. ಅದನ್ನು ಗಂಟೆಗೆ ಎಳೆಯಬೇಕು. ಗೊಂಬೆ ಮಾಡೋದು ಬಿಟ್ಟು ಹಲ್ಲಿನ ಡಾಕ್ಟರಾಗಬೇಕು ಅನ್ನೋ ಹರ್ಮಿ, ಚಿನ್ನ ಹುಡುಕುವ ಯೂಕಾನ್ ಕಾರ್ನೀಲಿಯಸ್, ಯಾರಿಗೂ ಬೇಡವಾದ ಆಟಿಕೆಗಳ ದ್ವೀಪ, ಇವೆಲ್ಲ ಮುಲ್ಲರನ ತಲೆಯಿಂದ ಬಂದವು. ಹಬ್ಬ ಕ್ರೈಸ್ತರದು, ಕಥೆ ಬರೆದವನೂ ಹಾಡು ಕಟ್ಟಿದವನೂ ಯಹೂದಿ ಮನೆತನದವರು, ಬೊಂಬೆ ಮಾಡಿದವರು ಜಪಾನಿನವರು. ಯಾರೂ ತಕರಾರು ತೆಗೆಯಲಿಲ್ಲ.

ಗಂಡು ಮರಿಗೆ ಹೆಣ್ಣು ದನಿ

ದನಿ ಹಿಡಿದದ್ದು ಕೆನಡಾದ ಟೊರಾಂಟೊದಲ್ಲಿ. ಕಾರಣ ಸರಳ. ರೇಡಿಯೋ ನಾಟಕದಲ್ಲಿ ಪಳಗಿದ ಕಲಾವಿದರು ಅಲ್ಲಿ ಬೇಕಾದಷ್ಟು, ಖರ್ಚೂ ಕಡಿಮೆ. ಒಬ್ಬೊಬ್ಬರು ಎರಡು ಮೂರು ಗಂಟಲಲ್ಲಿ ಮಾತಾಡುವವರು. ಸ್ಟ್ಯಾನ್ ಫ್ರಾನ್ಸಿಸ್ ಸಾಂತಾನೂ ಆದ, ಆಟಿಕೆ ದ್ವೀಪದ ರಾಜನೂ ಆದ. ಹರ್ಮಿಗೆ ಪಾಲ್ ಸೋಲ್ಸ್. ಈತನೇ 1967ರಲ್ಲಿ ಕಾರ್ಟೂನಿನ ಸ್ಪೈಡರ್‌ಮ್ಯಾನ್‌ಗೂ ದನಿಯಾದದ್ದು.

ರುಡಾಲ್ಫ್ ಆದದ್ದು ಬಿಲ್ಲಿ ಮೇ ರಿಚರ್ಡ್ಸ್. ನಲವತ್ತು ದಾಟಿದ ಹೆಂಗಸು! ಹೆಸರಿನ ಪಟ್ಟಿಯಲ್ಲಿ ನಡುವಿನ ‘ಮೇ’ ಹಾರಿಸಿ ‘ಬಿಲ್ಲಿ ರಿಚರ್ಡ್ಸ್’ ಅಂತ ಹಾಕಿದರು, ಗಂಡೋ ಹೆಣ್ಣೋ ನೋಡುವವರಿಗೆ ತಿಳಿಯಬಾರದು ಅಂತ. 2010ರಲ್ಲಿ ಈಕೆ ತೀರಿಕೊಂಡರು.

ಎಲ್ಲ ಅಪರಿಚಿತರೇ ಆದರೆ ಜನ ನೋಡಬೇಕಲ್ಲ? ದೊಡ್ಡ ಹೆಸರೊಂದು ಬೇಕಾಯಿತು. ಆಸ್ಕರ್ ಗೆದ್ದ ನಟ, ಹಾಡುಗಾರ ಬರ್ಲ್ ಈವ್ಸ್‌ನನ್ನು ಕರೆತಂದು ಕಥೆ ಹೇಳುವ ಹಿಮಮಾನವ ಸ್ಯಾಮ್ ಮಾಡಿದರು. ಕಾರ್ನೀಲಿಯಸ್ ಪಾತ್ರದ ಲ್ಯಾರಿ ಮ್ಯಾನ್ ಹಾಡಬೇಕಿದ್ದ ಹಾಡೂ ಈವ್ಸ್ ಪಾಲಿಗೆ ಹೋಯಿತು. ದೊಡ್ಡ ಮರದ ಕೆಳಗೆ ಸಣ್ಣ ಗಿಡದ ಪಾಡು ಎಲ್ಲ ಊರಲ್ಲೂ ಒಂದೇ.

ಮರುಪ್ರಸಾರದ ಹಣ? ಟೊರಾಂಟೊದವರಿಗೆ ಆಗಿನ ಕರಾರಿನಂತೆ ಸಿಕ್ಕಿದ್ದು ಮೊದಲ ಮೂರು ವರ್ಷ ಮಾತ್ರ. ಸಿನಿಮಾ ಅರವತ್ತು ವರ್ಷ ದಾಟಿತು. ಮೂರು ವರ್ಷಕ್ಕಿಂತ ಹೆಚ್ಚು ಇದು ಬಾಳುತ್ತೆ ಅಂತ 1964ರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈವ್ಸ್ 1995ರಲ್ಲಿ ಸತ್ತ. ಆತನ ದನಿಯ ‘ಹಾಲಿ ಜಾಲಿ ಕ್ರಿಸ್‌ಮಸ್’ ಹಾಡು 2019ರ ಜನವರಿಯಲ್ಲೂ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು.

ಟೋಕಿಯೋದ ಬೆರಳುಗಳು

ಟೊರಾಂಟೊದ ಟೇಪು ಟೋಕಿಯೋಗೆ ಹೋಯಿತು. ಅಲ್ಲಿದ್ದವನು ತದಾಹಿತೊ ಮೋಚಿನಾಗಾ. ಈತನ ಬದುಕೇ ಒಂದು ಸಿನಿಮಾ. ಯುದ್ಧ ಮುಗಿಯುವ ಹೊತ್ತಿಗೆ ಮಂಚೂರಿಯಾದಲ್ಲಿ ಸಿಕ್ಕಿಕೊಂಡು, ಹೊಸ ಚೀನಾದವರ ಜೊತೆ ಉಳಿದು, ಚೀನೀ ಹೆಸರಿಟ್ಟುಕೊಂಡು, ಅಲ್ಲಿನವರಿಗೆ ಬೊಂಬೆ ಸಿನಿಮಾ ಕಲಿಸಿ, 1953ರಲ್ಲಿ ಜಪಾನಿಗೆ ಮರಳಿದವನು. ಆತನ ಬೊಂಬೆ ಚಿತ್ರ ನೋಡಿ ರಾಂಕಿನ್ ಟೋಕಿಯೋಗೆ ಬಂದ. ಜಿಂಕೆ ನಡೆಯೋದು ಹೇಗೆ, ಕತ್ತು ತಿರುಗಿಸೋದು ಹೇಗೆ ಅಂತ ನೋಡಲು ಮೋಚಿನಾಗಾ ನಾರಾ ಪಟ್ಟಣಕ್ಕೆ ಹೋದ. ಅಲ್ಲಿ ಜಿಂಕೆಗಳು ಬೀದಿಯಲ್ಲೇ ಓಡಾಡುತ್ತವೆ.

ಇದು ದಾರ ಕಟ್ಟಿ ಕುಣಿಸುವ ಆಟ ಅಲ್ಲ. ಬೊಂಬೆಯ ಒಳಗೆ ತಂತಿ, ಮೇಲೆ ಮರ, ತೊಗಲು, ಬಟ್ಟೆ. ಸಾಂತಾನ ಗಡ್ಡಕ್ಕೆ ಚಮರೀಮೃಗದ ಕೂದಲು. ಕೈ ಒಂದು ಕೂದಲೆಳೆ ಎತ್ತಬೇಕು, ಫೋಟೋ ಹೊಡೀಬೇಕು, ಮತ್ತೆ ಕೂದಲೆಳೆ, ಮತ್ತೆ ಫೋಟೋ. ತೆರೆಯ ಮೇಲೆ ಒಂದು ಸೆಕೆಂಡು ಓಡಲು ಫಿಲ್ಮಿನ 24 ಚೌಕಟ್ಟು ಬೇಕು. ರುಡಾಲ್ಫ್ ಒಂದು ಸಲ ತಲೆ ಅಲ್ಲಾಡಿಸಿದರೆ ಒಬ್ಬ ಮನುಷ್ಯ ಬೆವರು ಒರೆಸಿಕೊಂಡ ಅಂತಲೇ ಅರ್ಥ. ರುಡಾಲ್ಫ್ ಬೊಂಬೆ ಎಷ್ಟು ಎತ್ತರ ಅಂತೀರಿ? ಸುಮಾರು ಆರಂಗುಲ.

1964ರ ಡಿಸೆಂಬರ್ 6, ಭಾನುವಾರ ಸಂಜೆ ಎನ್‌ಬಿಸಿಯಲ್ಲಿ ಪ್ರಸಾರವಾಯಿತು. ಮುಗಿಯುವಾಗ ಕೆಲಸ ಮಾಡಿದವರ ಹೆಸರನ್ನು ಉಡುಗೊರೆ ಪೊಟ್ಟಣಗಳ ಮೇಲೆ ಬರೆದು ಆಕಾಶದಿಂದ ಬೀಳಿಸಿದರು. ಒಳ್ಳೆ ಉಪಾಯವೇ. ಅದರಲ್ಲಿ ಮೋಚಿನಾಗಾ ಬರೀ ‘ಟ್ಯಾಡ್’ ಆಗಿದ್ದ. ಬೊಂಬೆ ಕೆತ್ತಿದ ಇಚಿರೋ ಕೊಮುರೊ ಯಾವ ಪೊಟ್ಟಣದಲ್ಲೂ ಇರಲಿಲ್ಲ.

ಜನ ಮೆಚ್ಚಿದರು, ಬೈದು ಪತ್ರವನ್ನೂ ಬರೆದರು. ದ್ವೀಪದ ಬೇಡವಾದ ಆಟಿಕೆಗಳನ್ನು ಬಂದು ಕರಕೊಂಡು ಹೋಗ್ತೀನಿ ಅಂತ ರುಡಾಲ್ಫ್ ಮಾತು ಕೊಟ್ಟಿದ್ದ, ಕೊನೆಗೆ ಮರೆತೇಬಿಟ್ಟ. ಇದೇನು ನ್ಯಾಯ ಅಂತ ನೋಡಿದವರು ಕೇಳಿದರು. ಸರಿ, 1965ರಲ್ಲಿ ಸಾಂತಾ ದ್ವೀಪಕ್ಕಿಳಿಯುವ ದೃಶ್ಯ ಹೊಸದಾಗಿ ಸೇರಿತು. ಜಾಗ ಬೇಕಿತ್ತು, ಬೇರೆ ದೃಶ್ಯಕ್ಕೆ ಕತ್ತರಿ ಬಿತ್ತು. ಹೆಸರಿನ ಪೊಟ್ಟಣಗಳೂ ಹೋದವು. ಆ ಜಾಗದಲ್ಲಿ ಆಟಿಕೆಗಳು ಬಿದ್ದವು.

ಹಕ್ಕು ಯಾರದು ಅಂತ ಹೇಳುವ ಸಾಲಿನಲ್ಲೇ ಒಂದು ಎಡವಟ್ಟು ಉಂಟು. ರೋಮನ್ ಅಂಕಿಯಲ್ಲಿ ಇಸವಿ ಬರೆಯುವಾಗ ಒಂದು ‘ಎಂ’ ಬಿಟ್ಟುಹೋಗಿ 1964 ಇದ್ದದ್ದು 1164 ಆಯಿತು. ಕಾಗದದ ಪ್ರಕಾರ ಜಿಂಕೆಗೆ ಎಂಟುನೂರು ವರ್ಷ ವಯಸ್ಸು ಹೆಚ್ಚು!

ಅರ್ಧ ಮೀಸೆಯ ಸಾಂತಾ

ಶೂಟಿಂಗ್ ಮುಗಿದ ಮೇಲೆ ಬೊಂಬೆಗಳಿಗೆ ಕಿಮ್ಮತ್ತಿರಲಿಲ್ಲ. ಕೆಲವು ನ್ಯೂಯಾರ್ಕಿಗೆ ಬಂದವು. ರಾಂಕಿನ್-ಬಾಸ್ ಕಂಪನಿಯ ನೌಕರಳೊಬ್ಬಳು ಹಬ್ಬಕ್ಕೆ ಮನೆ ಸಿಂಗಾರಕ್ಕೆ ಇಟ್ಟುಕೊಂಡಳು. ಆ ಮನೆಯ ಮಕ್ಕಳು ಆಡಿದರು. ಮೇಲಟ್ಟದ ಸೆಕೆಗೆ ಕೆಲವು ಹಾಳಾದವು. ಇಪ್ಪತ್ತೊಂದನೇ ಶತಮಾನಕ್ಕೆ ಉಳಿದು ಬಂದ ಜೋಡಿಯಲ್ಲಿ ಸಾಂತಾನಿಗೆ ಅರ್ಧ ಮೀಸೆ ಇರಲಿಲ್ಲ, ರುಡಾಲ್ಫನಿಗೆ ಮೂಗೇ ಇರಲಿಲ್ಲ.

2006ರಲ್ಲಿ ಹಳೆ ಸಾಮಾನಿಗೆ ಬೆಲೆ ಕಟ್ಟುವ ಟೆಲಿವಿಷನ್ ಕಾರ್ಯಕ್ರಮಕ್ಕೆ ಇವು ಬಂದವು. ರಿಪೇರಿಯಾದವು. 2020ರ ನವೆಂಬರ್ ಹರಾಜಿನಲ್ಲಿ ಜೋಡಿ ಹೋದದ್ದು 3,68,000 ಡಾಲರಿಗೆ. ಮೋಚಿನಾಗಾ ಅಷ್ಟು ಹೊತ್ತಿಗೆ ತೀರಿಕೊಂಡು ಇಪ್ಪತ್ತೊಂದು ವರ್ಷ. ಕೊಂಡವನು ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ, ಮರು ತಿಂಗಳೇ ಅಟ್ಲಾಂಟಾದ ಬೊಂಬೆಯಾಟದ ಮ್ಯೂಸಿಯಂಗೆ ದಾನ ಕೊಟ್ಟ.

ಸಿನಿಮಾ ಮಾತ್ರ ದುಡಿಯುತ್ತಲೇ ಇದೆ. 1972ರಿಂದ 2023ರವರೆಗೆ ಸಿಬಿಎಸ್‌ನವರ ಹತ್ತಿರ ಇತ್ತು, 2024ರಲ್ಲಿ ಎನ್‌ಬಿಸಿಗೆ ಹಿಂತಿರುಗಿತು. ನಡುನಡುವೆ ಜಾಹೀರಾತು ಬರುತ್ತೆ, ಅದಕ್ಕೆ ದರ ಇದೆ. ಹಿಮಮಾನವ ಸ್ಯಾಮ್ ಜಾರುತ್ತ ಬಂದು ಕಥೆ ಶುರು ಮಾಡ್ತಾನೆ; ಮರಿ ಜಿಂಕೆ ಬಾಯಿ ತೆರೆದರೆ ಟೊರಾಂಟೊದ ಆ ಹೆಣ್ಣುಮಗಳ ದನಿ ಕೇಳುತ್ತೆ.