ಕಿವಿಯ ಹಿಂದಿನ ವಾಲ್ವ್

ಹೈದರಾಬಾದಿನ ಬಾಲಾನಗರದಲ್ಲಿ ವಾಲ್ವ್ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಲೇತ್ ಮಷಿನ್‌ಗಳ ಸೀಮೆ ಅದು. ಟೂಲ್ ಡಿಸೈನ್ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ 1968ರಿಂದ ಅಲ್ಲಿದೆ. ಒತ್ತಡ ಏರಿದರೆ ತೆರೆದು, ಇಳಿದರೆ ಮುಚ್ಚಿಕೊಳ್ಳುವ ಅಂಥದೇ ಪುಟ್ಟ ವಾಲ್ವೊಂದು ಎಷ್ಟೋ ಮಕ್ಕಳ ಕಿವಿಯ ಹಿಂದೆ, ಚರ್ಮದಡಿ ಕೂತು ಜೀವ ಕಾಯುತ್ತಿದೆ.

ದೊಡ್ಡವರ ಮಿದುಳಿನ ಕುಹರಗಳಲ್ಲಿ ದಿನಕ್ಕೆ ಅರ್ಧ ಲೀಟರಿನಷ್ಟು ತಿಳಿಯಾದ ದ್ರವ ಊರುತ್ತದೆ. ಒಂದು ಹೊತ್ತಿಗೆ ಇರುವುದು ಮಾತ್ರ ಸುಮಾರು 150 ಮಿ.ಲೀ.; ಉಳಿದದ್ದು ರಕ್ತಕ್ಕೆ ಸೇರಿಹೋಗುತ್ತದೆ. ದಾರಿ ಕಟ್ಟಿದರೂ ಒರತೆ ನಿಲ್ಲುವುದಿಲ್ಲ. ಹುಟ್ಟಿನಿಂದಲೇ ಕಿರಿದಾದ ಕಾಲುವೆ, ದಿನ ತುಂಬದೆ ಹುಟ್ಟಿದ ಕೂಸಿನ ಮಿದುಳಿನಲ್ಲಿ ರಕ್ತಸ್ರಾವ, ನಮ್ಮ ದೇಶದಲ್ಲಂತೂ ಟಿ.ಬಿ. ಮೆನಿಂಜೈಟಿಸ್: ಕಾರಣ ಯಾವುದೇ ಇರಲಿ, ಕೂಸಿನ ಬುರುಡೆಯ ಕೀಲು ಇನ್ನೂ ಬೆಸೆದಿರದ ಕಾರಣ ತಲೆಯೇ ಹಿಗ್ಗುತ್ತದೆ. ಇದೇ ಹೈಡ್ರೋಸೆಫಾಲಸ್.

ಹೀಗೆ ತುಂಬಿದ ದ್ರವವನ್ನು ಕೊಳವೆಯಲ್ಲಿ ಹದವಾಗಿ ಹೊರಹರಿಸುವುದೇ ಕಿವಿಯ ಹಿಂದಿನ ವಾಲ್ವಿನ ಕೆಲಸ. ಅದನ್ನು ಮಾಡಿದವನು ವೈದ್ಯನಲ್ಲ. ಅಮೆರಿಕದ ಫಿಲಡೆಲ್ಫಿಯಾ ಕಡೆಯ ಕಾರ್ಖಾನೆಯ ತಂತ್ರಜ್ಞ ಜಾನ್ ಹೋಲ್ಟರ್. 1955ರಲ್ಲಿ ಹುಟ್ಟಿದ ಮಗ ಕೇಸಿಯ ತಲೆಯಲ್ಲಿ ನೀರು ತುಂಬಿತ್ತು. ಅಪ್ಪ ಮನೆಯಲ್ಲೇ ಕೂತು ಸಿಲಿಕೋನ್‌ನಲ್ಲಿ ಸೀಳು ವಾಲ್ವ್ ರೂಪಿಸಿದ. 1956ರಲ್ಲಿ ಅದು ಬಳಕೆಗೆ ಬಂತು. ಕೇಸಿ ಬಹಳ ವರ್ಷ ಬದುಕಲಿಲ್ಲ. ಬೇರೆಯವರ ಮಕ್ಕಳು ಬದುಕಿದರು. ಬಾಲಾನಗರದ ಯಾವ ಟರ್ನರ್‌ಗೂ ಆ ಅಪ್ಪನ ಕೈ ಅರ್ಥವಾಗುತ್ತದೆ ಎಂದು ನನಗನ್ನಿಸುತ್ತದೆ.

ಇಂಥ ವಾಲ್ವ್ ಇರುವ ಕೊಳವೆಗೆ ಷಂಟ್ ಎನ್ನುತ್ತಾರೆ. ಇಂದು ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಷಂಟ್ ಬಡವರ ಪಾಲಿನ ಆಸರೆ. ಉಗಾಂಡಾದಲ್ಲಿ, ಆಗ 35 ಡಾಲರ್ ಬೆಲೆಯಿದ್ದ ಈ ಷಂಟನ್ನು 650 ಡಾಲರಿನ ವಿದೇಶಿ ಷಂಟ್ ಜೊತೆ ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಷಂಟ್ ಹಾಕಿಸಿದರೆ ಮುಗಿಯಿತು ಎನ್ನುವಂತಿಲ್ಲ. ಕೊಳವೆ ಕಟ್ಟಬಹುದು, ಸೋಂಕು ತಗಲಬಹುದು. ಮಗು ಪದೇ ಪದೇ ವಾಂತಿ ಮಾಡಿ ಮಂಕಾದರೆ ಅಜೀರ್ಣವೆಂದೋ ದೃಷ್ಟಿಯೆಂದೋ ನಿವಾಳಿಸುತ್ತ ಕೂರಬೇಡಿ. ಅಂದೇ ಆಸ್ಪತ್ರೆಗೆ ಒಯ್ಯಿರಿ.

ಬೀದರ್, ಕಲಬುರಗಿಯಿಂದ ಹೈದರಾಬಾದಿಗೆ ದುಡಿಯಲು ಬಂದ ನಮ್ಮ ಮನೆಗಳಲ್ಲೂ ಅಜ್ಜಿಯರು ಕೂಸಿನ ನೆತ್ತಿಗೆ ಎಣ್ಣೆ ಒತ್ತುತ್ತಾರೆ. ನೆತ್ತಿ ಉಬ್ಬಿ ಬಿಗಿದಿದ್ದರೆ, ಕಣ್ಣಾಲಿ ಮುಳುಗುವ ಸೂರ್ಯನಂತೆ ಕೆಳಗಿಳಿದಿದ್ದರೆ ಮೊದಲು ಅರಿವಾಗುವುದು ಅವರಿಗೇ. ಲಸಿಕೆಗೆ ಹೋದಾಗ ತಲೆಯ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆಸಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅನುಮಾನ ಬಂದರೆ, ಬಾಲಾನಗರದಲ್ಲಿ ಮೆಟ್ರೊ ಹತ್ತಿದವರು ರೈಲು ಬದಲಿಸದೆ ಪಂಜಗುಟ್ಟದಲ್ಲಿ ಇಳಿದರೆ ನಿಮ್ಸ್ ಆಸ್ಪತ್ರೆ ಅಲ್ಲೇ ಸಿಗುತ್ತದೆ.