ಕೋಟಿ ಸಲ ಕೋಟಿ

ಗುಡಗೇರಿಯಾಗಲಿ, ಕುಂದಗೋಳ ಸೀಮೆಯ ಇನ್ನಾವುದೇ ಊರಾಗಲಿ, ಇಪ್ಪತ್ತರ ಹುಡುಗನೊಬ್ಬ ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡತೊಡಗಿದರೆ ‘ಗಾಳಿ ಸೋಕೈತಿ’ ಅನ್ನುವವರು ಈಗಲೂ ಸಿಗುತ್ತಾರೆ. ಅವನಿಗೆ ದನಿ ಕೇಳಿಸುವುದು ನಿಜ. ಅದು ಹುಟ್ಟುವುದು ಅವನ ಮಿದುಳಿನಲ್ಲಿ. ಹೀಗೆ ದನಿ ಕೇಳಿಸುವ ಕಾಯಿಲೆಗಳಲ್ಲೊಂದಾದ ಸ್ಕಿಜೋಫ್ರೇನಿಯಾ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತು ಸಾವಿರ ಜನರಿರುವ ಊರಿಗೆ ಈ ಲೆಕ್ಕ ಹಚ್ಚಿದರೆ ಮೂವತ್ತಕ್ಕೂ ಹೆಚ್ಚು ಮಂದಿ.

ಮಿದುಳಿನ ಯಾವ ಮೂಲೆ ಕೆಟ್ಟಿದೆ ಎಂದು ಕೇಳಿದರೆ ಬೊಟ್ಟು ಮಾಡಿ ತೋರಿಸಲು ಒಂದು ಜಾಗವಿಲ್ಲ. ಒಂದು ಕಿಲೊ ನಾಲ್ಕುನೂರು ಗ್ರಾಂ ತೂಗುವ ಆ ಅಂಗದಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಸಂಧಿಗಳು, ಅಂದರೆ ಸಿನಾಪ್ಸ್‌ಗಳು, ಸ್ಥೂಲ ಅಂದಾಜಿಗೆ ಒಂದು ಕೋಟಿ ಸಲ ಒಂದು ಕೋಟಿ. ಸೆಕೆಂಡಿಗೊಂದರಂತೆ ಹಗಲು ರಾತ್ರಿ ಎಣಿಸಿದರೆ ಸುಮಾರು 32 ಲಕ್ಷ ವರ್ಷ ಹಿಡಿಯುತ್ತದೆ.

ಕೆಲಸ ಮಾಡುತ್ತಿರುವ ಮಿದುಳನ್ನು ತೋರಿಸುವ ಎಫ್‌ಎಂಆರ್‌ಐ ಚಿತ್ರದ ಒಂದು ಚುಕ್ಕೆ ಸಾಮಾನ್ಯವಾಗಿ ಮೂರು ಮಿಲಿಮೀಟರ್ ಬದಿಯ ಘನ. ಅದರೊಳಗೆ ಏನಿರಬಹುದು? 2024ರಲ್ಲಿ ಹಾರ್ವರ್ಡ್ ಮತ್ತು ಗೂಗಲ್‌ನ ವಿಜ್ಞಾನಿಗಳು ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರ್ ಚೂರನ್ನು ಪೂರ್ತಿ ಚಿತ್ರಿಸಿ ಪ್ರಕಟಿಸಿದರು. ಸಿಕ್ಕಿದ್ದು ಸುಮಾರು 57,000 ಜೀವಕೋಶ, 15 ಕೋಟಿ ಸಿನಾಪ್ಸ್. ಆ ಚಿತ್ರಗಳನ್ನಿಡಲು 1,400 ಟೆರಾಬೈಟ್ ಬೇಕಾಯಿತು. ಈ ಲೆಕ್ಕದಲ್ಲಿ ಸ್ಕ್ಯಾನಿನ ಒಂದೇ ಚುಕ್ಕೆಯಲ್ಲಿ 15 ಲಕ್ಷ ಜೀವಕೋಶ, 400 ಕೋಟಿ ಸಿನಾಪ್ಸ್!

ಹಾಗಾಗಿ ಸಂಶೋಧಕರು ಮಿದುಳಿನ ಹೊರಪದರವನ್ನು, ಒಂದು ನಕ್ಷೆಯ ಪ್ರಕಾರ, 360 ಭಾಗ ಮಾಡಿಕೊಂಡು ಯಾವುದರ ಚಟುವಟಿಕೆ ಯಾವುದರ ಜೊತೆ ಏರಿಳಿಯುತ್ತದೆ ಎಂದು ನೋಡುತ್ತಾರೆ. ಅಷ್ಟಕ್ಕೇ 64,620 ಜೋಡಿಗಳಾಗುತ್ತವೆ. ಆ ಜೋಡಿಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಹತ್ತರಿಂದ ನೂರು ಸೆಕೆಂಡಿಗೊಂದು ನಿಧಾನದ ಅಲೆ ಏಳುತ್ತದೆ. ನಿಮಿಷ ಕಳೆಯುವುದರೊಳಗೆ ದೂರದ ಭಾಗಗಳು ಕೂಡುತ್ತವೆ, ಅಗಲುತ್ತವೆ. 2014ರ ಒಂದು ಅಧ್ಯಯನದಲ್ಲಿ ಕಂಡದ್ದು ಇದು: ಸ್ಕಿಜೋಫ್ರೇನಿಯಾ ಇರುವವರ ಮಿದುಳು ಹೀಗೆ ಬಲವಾಗಿ ಕೂಡುವ ಸ್ಥಿತಿಗೆ ಬರುವುದು ಕಡಿಮೆ. ಆದರೆ ಇದು ಗುಂಪಿನ ಸರಾಸರಿ. ಒಬ್ಬರ ಸ್ಕ್ಯಾನ್ ನೋಡಿ ಕಾಯಿಲೆ ಇದೆ, ಇಲ್ಲ ಎಂದು ಹೇಳಲು ಇಂದಿಗೂ ಬರುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸುವುದು ಸೆಕೆಂಡಿನ ಹತ್ತನೇ ಒಂದು ಭಾಗ. ನಾವು ಮಾತಾಡುವಾಗ ಮಿದುಳು ‘ಈಗ ಬರುವ ದನಿ ನನ್ನದೇ’ ಎಂದು ತನ್ನ ಕೇಳುವ ಭಾಗಕ್ಕೆ ಮೊದಲೇ ತಿಳಿಸಿರುತ್ತದೆ. ಅದಕ್ಕೇ ಸ್ವಂತ ದನಿ ಕಿವಿಗೆ ಬಿದ್ದ ನೂರು ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆ ತಗ್ಗಿರುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಈ ತಗ್ಗುವಿಕೆ ಕಡಿಮೆ. ತನ್ನ ಒಳಮಾತೇ ಪರರ ಮಾತಾಗಿ ಕೇಳಿಸಲು ಇದೂ ಒಂದು ಕಾರಣವಿರಬಹುದು ಎನ್ನುತ್ತಾರೆ.

ಇಷ್ಟು ದೊಡ್ಡ ಜಾಲದ ಕಾಯಿಲೆಯನ್ನು ಹಳ್ಳಿಯಲ್ಲಿ ಉಪಚರಿಸುವುದು ಹೇಗೆ? ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಲ್ಲೇ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಗುಡಗೇರಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಅಲ್ಲಿ ವೈದ್ಯರು ಮೊದಲು ಮಾಡುವುದು ರೋಗಿಯೊಡನೆ, ಮನೆಯವರೊಡನೆ ಮಾತು.

ಆಮೇಲೆ ಗುಳಿಗೆ. ರಿಸ್ಪೆರಿಡೋನ್‌ನ ಒಂದು ಸಾಮಾನ್ಯ ಗುಳಿಗೆಯಲ್ಲಿರುವ ಔಷಧ 2 ಮಿಲಿಗ್ರಾಂ, ಮಿದುಳಿನ ತೂಕದ ಏಳು ಲಕ್ಷದಲ್ಲೊಂದು ಪಾಲು. ಡೋಪಮಿನ್ ಎಂಬ ರಾಸಾಯನಿಕದ ಸುದ್ದಿ ಪಡೆಯುವ ಮಿದುಳಿನ ಡಿ2 ಗ್ರಾಹಕಗಳಲ್ಲಿ ಸುಮಾರು ಶೇ 65ರಷ್ಟನ್ನು ಔಷಧ ಹಿಡಿದಿಟ್ಟರೆ ಬಹಳ ಜನರಿಗೆ ಗುಣ ಕಾಣತೊಡಗುತ್ತದೆ. ಶೇ 80ರ ಹತ್ತಿರ ಹೋದರೆ ಕೈ ನಡುಗಬಹುದು, ಮೈ ಸೆಟೆಯಬಹುದು. ನಡುವಿನ ಅಂತರ ಅಷ್ಟೇ ಇರುವುದರಿಂದ ಗುಳಿಗೆಯನ್ನು ಹೆಚ್ಚಿಸುವುದು, ತಗ್ಗಿಸುವುದು, ಬಿಡಿಸುವುದು ವೈದ್ಯರನ್ನು ಕೇಳಿಯೇ ಆಗಬೇಕು.